ತಗಡಿನ ಡಬ್ಬಿಯ ಏಕತಾರಿ, ಕಿಟಕಿ ಪೈಪಿನ ಮೋಹನ

ನಾನು ವೈರಿಂಗ್ ಕೆಲಸ ಮಾಡುವವನು, ತಿಪಟೂರು ಕಡೆಯವನು. ಈ ಕೆಲಸದಲ್ಲಿ ದಿನಾ ಏನಾದರೂ ತುಂಡು ಉಳಿದೇ ಉಳಿಯುತ್ತದೆ. ಪಿವಿಸಿ ಪೈಪು, ಬೈಂಡಿಂಗ್ ತಂತಿ, ಕೆಟ್ಟ ಕಾಲಿಂಗ್ ಬೆಲ್ಲು, ಮನೆ ಖಾಲಿ ಮಾಡುವಾಗ ಬಿಸಾಕಿದ ಡಬ್ಬಿಗಳು. ನಮ್ಮ ಕಡೆ ತೆಂಗಿನ ಕರಟಕ್ಕಂತೂ ಬರವೇ ಇಲ್ಲ, ಕೊಬ್ಬರಿ ಒಡೆಯುವ ಕಡೆ ರಾಶಿ ಬಿದ್ದಿರುತ್ತದೆ. ಇವನ್ನೆಲ್ಲ ಗುಡ್ಡೆ ಹಾಕಿಕೊಂಡು ಕೆಲವು ವರ್ಷಗಳಿಂದ ವಾದ್ಯ ಮಾಡುತ್ತಾ ಬಂದಿದ್ದೇನೆ. ಸಂಗೀತ ಪಾಠ ಆದವನಲ್ಲ. ಭಜನೆಯಲ್ಲಿ ತಾಳ ಹಾಕಿಕೊಂಡು ಕೂತು ಕಿವಿ ಒಂದಿಷ್ಟು ಪಳಗಿದೆ, ಅಷ್ಟೇ.

ನೋಡಿದವರೆಲ್ಲ ಮೊದಲು ಕೇಳೋದು ಯಾವ ಡಬ್ಬಿ, ಯಾವ ಪೈಪು ಅಂತ. ಡಬ್ಬಿ ಯಾವುದಾದರೂ ನಡೆಯುತ್ತೆ ಸ್ವಾಮಿ. ತಂತಿ ಡಬ್ಬಿಯನ್ನು ಎಲ್ಲಿ ಮುಟ್ಟುತ್ತದೆ, ಪೈಪನ್ನು ಎಲ್ಲಿ ಹಿಡಿದಿದ್ದೀರಿ, ಅದನ್ನು ಕೇಳಿ. ಒಂದೇ ಡಬ್ಬಿ, ಒಂದೇ ತಂತಿ ಇಟ್ಟುಕೊಂಡು ಬರೀ ಮುಟ್ಟುವ ಜಾಗ ಬದಲಾಯಿಸಿ ಸತ್ತ ಶಬ್ದವನ್ನೂ ತೆಗೆಯಬಹುದು, ಜೀವ ಇರುವ ಶಬ್ದವನ್ನೂ ತೆಗೆಯಬಹುದು. ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಏಕತಾರಿಯಿಂದ ಶುರು ಮಾಡೋಣ. ತತ್ವಪದ ಹಾಡುವವರ ಕೈಯಲ್ಲಿ ನೋಡಿರುತ್ತೀರಿ. ಸೋರೆ ಬುರುಡೆ, ಅದರೊಳಗೆ ಹಾದುಹೋಗುವ ಕೋಲು, ಬುರುಡೆಯ ಬಾಯಿಗೆ ಚರ್ಮ, ಚರ್ಮದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ಕುದುರೆ, ಕೋಲಿನ ತುದಿಯಲ್ಲಿ ತಂತಿ ಬಿಗಿ ಮಾಡುವ ಬಿರಡೆ. ಇದನ್ನು ಕಟ್ಟಿದವರ ಬುದ್ಧಿ ದೊಡ್ಡದು. ತಂತಿಯ ಎಳೆತವನ್ನೆಲ್ಲ ಕೋಲೇ ತಡೆದುಕೊಳ್ಳುತ್ತದೆ, ಯಾಕೆಂದರೆ ತಂತಿಯ ಎರಡೂ ತುದಿ ಕೋಲಿಗೇ ಕಟ್ಟಿರುತ್ತದೆ. ಬುರುಡೆಗೆ ಶಬ್ದ ಮಾಡುವುದೊಂದೇ ಕೆಲಸ. ಆದ್ದರಿಂದಲೇ ಬುರುಡೆಯ ಜಾಗದಲ್ಲಿ ತೆಳ್ಳನೆಯ ಹಾಲಿನ ಪುಡಿ ಡಬ್ಬಿ ಇಟ್ಟರೂ ಅದು ನಜ್ಜುಗುಜ್ಜಾಗುವುದಿಲ್ಲ. ಎಳೆತ ಎಷ್ಟಿರುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದೆ: 0.3 ಮಿ.ಮೀ. ದಪ್ಪದ ಉಕ್ಕಿನ ತಂತಿ, ಕುದುರೆಯಿಂದ ಮೇಲಿನ ಬಿರಡೆಯವರೆಗೆ 60 ಸೆಂ.ಮೀ., ಸೆಕೆಂಡಿಗೆ 220 ಕಂಪನದ ಶ್ರುತಿ ಬೇಕೆಂದರೆ ಹತ್ತಿರ ಹತ್ತಿರ 4 ಕೆ.ಜಿ. ತೂಕ ನೇತುಹಾಕಿದಷ್ಟು. ಒಂದು ತಂತಿಗೇ ಇಷ್ಟು. ಕೋಲು ಬಾಗಿದರೆ ಶ್ರುತಿ ನಿಲ್ಲುವುದಿಲ್ಲ.

ಕೋಲಿಗೆ ಬಿದಿರು ಚೆನ್ನ, ಹಗುರ, ಬಾಗುವುದಿಲ್ಲ. ತೊಂದರೆ ಇರೋದು ಬಿರಡೆಯ ತೂತಿನಲ್ಲಿ. ಬಿರಡೆ ಬಿಗಿ ಮಾಡಿದ ಹಾಗೆ ಬಿದಿರು ಉದ್ದಕ್ಕೆ ಸೀಳುತ್ತದೆ. ಗಿಣ್ಣಿನ ಪಕ್ಕದಲ್ಲೇ ತೂತು ಹೊಡೆದು, ತೂತಿನ ಎರಡೂ ಕಡೆ ಬೈಂಡಿಂಗ್ ತಂತಿ ಬಿಗಿಯಾಗಿ ಸುತ್ತಿದರೆ ತಡೆಯುತ್ತದೆ. ಇಷ್ಟು ತಾಪತ್ರಯ ಬೇಡ ಅನ್ನುವವರು ಮುರಿದ ಗುದ್ದಲಿಯ ಮರದ ಕಾವು ಹಾಕಿಕೊಳ್ಳಿ, ಭಾರ ಆಗುತ್ತದೆ ಅಷ್ಟೇ.

ಇನ್ನು ಡಬ್ಬಿಯ ಮುಖ. ಡಬ್ಬಿಯ ತಳವನ್ನೇ ಮುಖ ಮಾಡಿ ಅದರ ಮೇಲೆ ಕುದುರೆ ಇಟ್ಟರೆ ಶಬ್ದ ಬರುತ್ತದೆ, ಆದರೆ ಒಣಕಲು, ಟಣ್ ಅಂದು ಸುಮ್ಮನಾಗುತ್ತದೆ. ತಳ ಸೆಟೆದು ನಿಲ್ಲಲಿ ಅಂತಲೇ ಕಾರ್ಖಾನೆಯವರು ಅದಕ್ಕೆ ಉಂಗುರದಂಥ ಏಣುಗಳನ್ನು ಒತ್ತಿರುತ್ತಾರೆ, ನಮಗೆ ಬೇಕಾಗಿರುವುದು ಅದರ ಉಲ್ಟಾ. ತಳ ಕತ್ತರಿಸಿ ತೆಗೆದು ಮೇಕೆ ಚರ್ಮ ಬಿಗಿದರೆ ಅದಕ್ಕಿಂತ ಒಳ್ಳೆಯದಿಲ್ಲ. ನೆನೆಸಿದ ಚರ್ಮ ಎಳೆದು ಕಟ್ಟಿ ನೆರಳಲ್ಲಿ ಒಣಗಿಸಬೇಕು, ತಾನಾಗಿ ಬಿಗಿಯಾಗುತ್ತದೆ. ಆದರೆ ಮಳೆಗಾಲದಲ್ಲಿ ತೇವ ಹಿಡಿದು ಜೋತುಬಿದ್ದರೆ ಶ್ರುತಿ ಕೆಳಗಿಳಿಯುತ್ತದೆ, ಹಾಡುವ ಮುಂಚೆ ಬಿಸಿಗೆ ಹಿಡಿಯುವ ಕೆಲಸ ತಪ್ಪಿದ್ದಲ್ಲ.

ಅದಕ್ಕೆ ನಾನು ಹೆಚ್ಚಾಗಿ ಹಾಕುವುದು ಹಳೇ ಎಕ್ಸ್‌ರೇ ಫಿಲ್ಮು. ಇದು ನನ್ನ ಬುದ್ಧಿಯೇನಲ್ಲ. ಪರಾಗ್ವೆ ದೇಶದ ರಾಜಧಾನಿ ಅಸುನ್ಸಿಯೋನ್ ಪಕ್ಕದಲ್ಲಿ ಕಟೆಯೂರಾ ಅಂತ ಒಂದು ದೊಡ್ಡ ಕಸದ ಗುಡ್ಡೆ ಇದೆ. ಫಾವಿಯೋ ಚಾವೆಸ್ ಅನ್ನುವವರು ಅಲ್ಲಿಯ ಮಕ್ಕಳಿಗೆ ಸಂಗೀತ ಕಲಿಸುತ್ತಾರೆ. ಕಸ ಆಯುತ್ತಿದ್ದ ನಿಕೋಲಾಸ್ ಗೋಮೆಸ್, ಎಲ್ಲರೂ ಕರೆಯೋದು ಕೋಲಾ ಅಂತ, ಆ ಮಕ್ಕಳಿಗಾಗಿ ಕಸದಿಂದಲೇ ಪಿಟೀಲು, ಸೆಲ್ಲೋ ಮಾಡಿಕೊಟ್ಟವರು. ಎಣ್ಣೆ ಡಬ್ಬದ ಸೆಲ್ಲೋ, ಎಕ್ಸ್‌ರೇ ಫಿಲ್ಮ್ ಬಿಗಿದ ಡ್ರಮ್ಮು. ಆ ಡ್ರಮ್ಮಿನ ವಿಷಯ ತಿಳಿದ ಮೇಲೆ ನಮ್ಮ ಮನೆ ಬೀರುವಿನ ಮೇಲಿದ್ದ ಎಕ್ಸ್‌ರೇಗಳು ಒಂದೊಂದಾಗಿ ಖಾಲಿಯಾದವು.

ಫಿಲ್ಮು ಚರ್ಮದ ಹಾಗೆ ಎಳೆಯುವುದಿಲ್ಲ. ಡಬ್ಬಿಯ ಬಾಯಿಗಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಅಂಚಿನ ಸುತ್ತ ದಳದ ಹಾಗೆ ಸೀಳಿ, ದಳಗಳನ್ನು ಕೆಳಗೆ ಮಡಚಿ ರಬ್ಬರ್ ಅಂಟು ಹಚ್ಚಿ, ಮೇಲೆ ಪೈಪ್ ಕ್ಲಿಪ್ ಹಾಕಿ ಸ್ಕ್ರೂ ತಿರುಗಿಸಿ ಬಿಗಿ ಮಾಡುತ್ತೇನೆ. ಮೋಟಾರಿನ ಪೈಪಿಗೆ ಹಾಕುತ್ತೇವಲ್ಲ, ಅದೇ ಕ್ಲಿಪ್. ಸುತ್ತಲೂ ಒಂದೇ ಸಮ ಬಿಗಿಯಾಗಬೇಕು. ಅಂಚಿನ ಹತ್ತಿರ ಬೆರಳಲ್ಲಿ ತಟ್ಟುತ್ತಾ ಒಂದು ಸುತ್ತು ಹೋದರೆ ಎಲ್ಲಿ ಸಡಿಲ ಇದೆ ಅಂತ ಕಿವಿಯೇ ಹೇಳುತ್ತದೆ.

ಈಗ ಕುದುರೆ. ಇಲ್ಲಿ ಅವಸರ ಬೇಡ. ಕುದುರೆ ಹಗುರವಾಗಿರಬೇಕು, ಗಟ್ಟಿಯಾಗಿಯೂ ಇರಬೇಕು. ಭಾರದ ಕುದುರೆ ಶಬ್ದ ನುಂಗುತ್ತದೆ, ಮೆತ್ತಗಿನದ್ದು ಇನ್ನೂ ಜಾಸ್ತಿ ನುಂಗುತ್ತದೆ. ಕಬ್ಬಿಣದ ನಟ್ಟು, ರಬ್ಬರು, ಥರ್ಮಾಕೋಲು ಬೇಕಾದರೆ ಇಟ್ಟು ನೋಡಿ, ನಗು ಬರುತ್ತದೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಪರವಾಗಿಲ್ಲ. ನನಗೆ ಒಗ್ಗಿದ್ದು ಕರಟದ ಚೂರು. ಉಜ್ಜಿ ಉಜ್ಜಿ ತೆಳ್ಳಗೆ ಮಾಡಬಹುದು, ಹಗುರ ಆದರೂ ಮೇಲ್ಮೈ ಕಲ್ಲಿನಂತೆ ಗಟ್ಟಿ. ಕಾಲುಗಳು ಮಾತ್ರ ಫಿಲ್ಮಿನ ಮೇಲೆ ಪೂರಾ ಕೂರಬೇಕು. ಉಪ್ಪುಕಾಗದವನ್ನು ಫಿಲ್ಮಿನ ಮೇಲೇ ಹಾಸಿ ಅದರ ಮೇಲೆ ಕುದುರೆ ತಿಕ್ಕಿದರೆ ಆ ಮುಖಕ್ಕೇ ಹೊಂದುವ ಕಾಲು ಸಿಗುತ್ತದೆ. ಮುಖದ ನಟ್ಟನಡುವೆ ಇಟ್ಟರೆ ಗುಂಯ್ ಅನ್ನುವ ತುಂಬು ಶಬ್ದ, ಅಂಚಿಗೆ ಸರಿಸಿದ ಹಾಗೆ ಚೂಪು. ನಾನು ನಡು ಮತ್ತು ಅಂಚಿನ ಮಧ್ಯೆ ಎಲ್ಲೋ ನಿಲ್ಲಿಸುತ್ತೇನೆ, ಹಾಡುವವರ ಕಂಠ ನೋಡಿಕೊಂಡು. ತಂತಿ ಕುದುರೆಯ ಮೇಲೆ ಸ್ವಲ್ಪ ಕೋನ ಮಾಡಿಕೊಂಡೇ ಇಳಿಯಬೇಕು, ಆಗಲೇ ಅದು ಕುದುರೆಯನ್ನು ಒತ್ತುವುದು. ನೆಟ್ಟಗೆ ಹಾದುಹೋದರೆ ಕುದುರೆ ಅಲ್ಲಿದ್ದೂ ಇಲ್ಲದ ಹಾಗೆ.

ಇನ್ನೊಂದು ವಿಷಯ ಇದೆ, ತಂಬೂರಿ ಇಟ್ಟುಕೊಂಡವರಿಗೆ ಗೊತ್ತು. ಜೀವಾಳಿ. ತಂಬೂರಿಯ ಕುದುರೆಯ ಮೇಲ್ಮೈ ಅಗಲವಾಗಿ, ಒಂಚೂರು ಉಬ್ಬಿರುತ್ತದೆ. ತಂತಿಗೂ ಅದಕ್ಕೂ ಮಧ್ಯೆ ಹತ್ತಿಯ ನೂಲು ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗ ಬಂದಾಗ ತಂತಿ ಕುದುರೆಯನ್ನು ತಾಗಿಯೂ ತಾಗದ ಹಾಗೆ ಸವರಿ, ಶಬ್ದ ಅರಳಿಬಿಡುತ್ತದೆ. ಕರಟದ ಕುದುರೆಯ ತಲೆಯನ್ನು ಒಂದು ಬೆರಳಗಲ ಮಾಡಿ, ತುಸು ಉಬ್ಬು ಕೊಟ್ಟು, ಹೊಲಿಗೆ ದಾರ ತೂರಿಸಿದರೆ ಹಾಲಿನ ಪುಡಿ ಡಬ್ಬಿಯಲ್ಲೂ ಅದೇ ಝೇಂಕಾರ ಬರುತ್ತದೆ. ಚಿಕ್ಕ ಪ್ರಮಾಣದಲ್ಲಿ ಬರುತ್ತದೆ ಅನ್ನಿ, ಆದರೆ ಬರುತ್ತದೆ. ಮೊದಲ ಸಲ ಬಂದಾಗ ಊಟಕ್ಕೆ ಕರೆದರೂ ಎದ್ದು ಹೋಗಿರಲಿಲ್ಲ ನಾನು.

ತಂತಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯವರಿಗೆ ಹಿಡಿಸಲ್ಲ. ಸೈಕಲ್ ಬ್ರೇಕ್ ವೈರ್ ಬಿಚ್ಚಿ ಒಂದೊಂದೇ ಎಳೆ ತೆಗೆದು ಹಾಕುವವರು ತುಂಬಾ ಜನ. ಹಾಕಬಹುದು, ಉಕ್ಕೇ ಅದು. ಆದರೆ ಹೆಣೆದಾಗ ಬಿದ್ದ ಸುರುಳಿ ಪೂರ್ತಿ ಹೋಗುವುದಿಲ್ಲ, ಶ್ರುತಿ ಒಂಥರಾ ಅಲೆಯುತ್ತಿರುತ್ತದೆ, ಕಿತ್ತರೆ ಕಣ್ಣಿಗೆ ಅಪಾಯ. ಮಿಕ್ಕಿದ್ದೆಲ್ಲ ಗುಜರಿಯದೇ ಇರಲಿ, ತಂತಿ ಮಾತ್ರ ವಾದ್ಯದ ಅಂಗಡಿಯಿಂದ ಹೊಸದು ತನ್ನಿ. ಏನೂ ದುಬಾರಿ ಅಲ್ಲ.

ಕುದುರೆಯೇ ಇಲ್ಲದ ವಾದ್ಯವೂ ನಮ್ಮಲ್ಲಿದೆ, ಚೌಡಿಕೆ. ಕೊಳವೆಯಂಥ ಟೊಳ್ಳು ಮರ, ಒಂದು ಬಾಯಿಗೆ ಚರ್ಮ, ಚರ್ಮದ ನಡುವಿಂದ ಹೊರಟ ತಂತಿ ಪಕ್ಕದ ಕೋಲಿನ ಬಿರಡೆಗೆ. ಇಲ್ಲಿ ತಂತಿ ಚರ್ಮವನ್ನು ನೇರವಾಗಿ ಎಳೆದು ಬಿಡುತ್ತದೆ. ಬಿಗಿ ಹೆಚ್ಚು ಕಡಿಮೆ ಮಾಡುತ್ತಾ ನುಡಿಸಿದರೆ ಮಾತಾಡಿದ ಹಾಗೇ ಕೇಳುತ್ತದೆ. ಪೇಂಟ್ ಬಕೆಟ್‌ನಲ್ಲಿ ಇದೇ ತತ್ವ ಬಳಸಿ ಒಂದು ಮಾಡಿದ್ದೇನೆ. ತಂತಿ ಹೊರಡುವ ತೂತು ಹರಿಯದ ಹಾಗೆ ಒಳಗಡೆಯಿಂದ ಅಂಗಿಯ ದಪ್ಪ ಗುಂಡಿ ಇಟ್ಟು ಗಂಟು ಹಾಕಬೇಕು. ಗುಂಡಿ ದೊಡ್ಡದಾದರೆ ಶಬ್ದ ಮಂಕು, ಸಣ್ಣದಾದರೆ ಹರಿಯುತ್ತೆ. ಇದನ್ನು ನಾನು ಚೌಡಿಕೆ ಅಂತ ಕರೆಯಲ್ಲ. ಅದು ಎಲ್ಲಮ್ಮನ ಜೋಗತಿಯರ ವಾದ್ಯ, ಅವರಿಗೆ ದೇವರ ಸಮಾನ. ನನ್ನದು ಬಕೆಟ್ಟು.

ತಂತಿ ಬೇಡ ಅನ್ನುವವರಿಗೆ ಪೈಪು. ಕಿಟಕಿ ಕೆಲಸ ಮಾಡುವ ಅಂಗಡಿಗಳಲ್ಲಿ ಅಲ್ಯೂಮಿನಿಯಂ ದುಂಡು ಪೈಪಿನ ತುಂಡು ಸಿಗುತ್ತವೆ, ಪರದೆ ಕಟ್ಟುವ ಕಂಬಿಯಂಥವು. ಎಲ್ಲ ತುಂಡೂ ಒಂದೇ ದಪ್ಪ, ಒಂದೇ ಗಾತ್ರ ಇರಬೇಕು, ಅದೊಂದನ್ನು ನೋಡಿಕೊಂಡರೆ ಲೆಕ್ಕ ಸುಲಭ. ತಂತಿಯನ್ನು ಅರ್ಧ ಮಾಡಿದರೆ ಒಂದು ಸ್ಥಾಯಿ, ಅಂದರೆ ಷಡ್ಜದಿಂದ ಮೇಲಿನ ಷಡ್ಜಕ್ಕೆ, ಮೇಲೆ ಹೋಗುತ್ತದೆ ಅಲ್ವಾ. ಬಡಿದು ನುಡಿಸುವ ಪೈಪು ಹಾಗಲ್ಲ, ಅರ್ಧ ಮಾಡಿದರೆ ಎರಡು ಸ್ಥಾಯಿ ಮೇಲೆ. ಬಾಗುವ ಕಂಪನ ಉದ್ದದ ವರ್ಗದ ಲೆಕ್ಕದಲ್ಲಿ ಹೋಗುತ್ತದೆ. ಹಾಗಾಗಿ ಮೇಲಿನ ಷಡ್ಜಕ್ಕೆ ಮೊದಲ ಪೈಪಿನ ಉದ್ದವನ್ನು 0.707 ರಿಂದ ಗುಣಿಸಿದರೆ ಸಾಕು.

ನಾನು ಮಕ್ಕಳಿಗೆ ಮೋಹನ ರಾಗದ ಸ್ವರಗಳನ್ನೇ ಮಾಡಿಕೊಡುವುದು. ಐದೇ ಸ್ವರ, ಎಲ್ಲಿ ಬಡಿದರೂ ಕೆಟ್ಟದಾಗಿ ಕೇಳಲ್ಲ. ಷಡ್ಜ 40 ಸೆಂ.ಮೀ. ಇಟ್ಟರೆ ರಿಷಭ 37.7, ಗಾಂಧಾರ 35.8, ಪಂಚಮ 32.7, ಧೈವತ 31, ಮೇಲಿನ ಷಡ್ಜ 28.3. ಕೊಯ್ಯುವಾಗ ಎರಡು ಮೂರು ಮಿ.ಮೀ. ಉದ್ದವೇ ಇರಲಿ, ಆಮೇಲೆ ಫೋನಿನ ಟ್ಯೂನರ್ ಇಟ್ಟುಕೊಂಡು ತುದಿ ಉಜ್ಜುತ್ತಾ ಬನ್ನಿ. ಉಜ್ಜಿದಷ್ಟೂ ಸ್ವರ ಏರುತ್ತದೆ. ಕೈ ಮೀರಿ ಏರಿಬಿಟ್ಟರೆ ಪೈಪಿನ ನಡುಭಾಗದ ಹೊಟ್ಟೆಯನ್ನು ಅರದಿಂದ ಸ್ವಲ್ಪ ತೆಳ್ಳಗೆ ಮಾಡಿ, ಇಳಿಯುತ್ತದೆ.

ಆದರೆ ಇದೆಲ್ಲ ಮಾಡಿ ಪೈಪುಗಳನ್ನು ತಂದು ಮೇಜಿನ ಮೇಲೆ ಇಟ್ಟು ಬಡಿದರೆ ಟಕ್ ಅನ್ನುತ್ತೆ, ಅಷ್ಟೇ. ಪೈಪು ಬಡಿದಾಗ ನಡುವೆಯೂ ಎರಡು ತುದಿಯಲ್ಲೂ ಜೋರಾಗಿ ಅಲ್ಲಾಡುತ್ತದೆ, ಮಧ್ಯೆ ಎರಡು ಜಾಗ ಮಾತ್ರ ಅಲುಗಾಡದೆ ನಿಲ್ಲುತ್ತವೆ. ಪ್ರತಿ ತುದಿಯಿಂದ ಉದ್ದದ 22.4 ಶೇಕಡಾ ದೂರದಲ್ಲಿ. 40 ಸೆಂ.ಮೀ. ಪೈಪಿಗೆ ತುದಿಯಿಂದ 9 ಸೆಂ.ಮೀ., 28.3ರದ್ದಕ್ಕೆ 6.3 ಸೆಂ.ಮೀ. ಅಲ್ಲಿ ಮಾತ್ರ ಆಸರೆ ಕೊಡಬೇಕು. ನಂಬಿಕೆ ಬರದಿದ್ದರೆ ಚಪ್ಪಟೆ ಪಟ್ಟಿಯೊಂದನ್ನು ತೆಗೆದುಕೊಂಡು ಆ ಜಾಗಗಳಲ್ಲಿ ಮೆತ್ತನೆಯ ಸ್ಪಂಜಿನ ಮೇಲೆ ಇಟ್ಟು, ಮೇಲೆ ಪುಡಿ ಉಪ್ಪು ಉದುರಿಸಿ ನಡುವೆ ಮೆಲ್ಲಗೆ ಬಡಿಯುತ್ತಾ ಹೋಗಿ. ಉಪ್ಪು ತಾನೇ ಸರಿದು ಆ ಎರಡು ಗೆರೆಗಳಲ್ಲಿ ಬಂದು ಕೂರುತ್ತದೆ. ಮಕ್ಕಳಿಗೆ ಪೈಪ್ ನುಡಿಸುವುದಕ್ಕಿಂತ ಇದೇ ಆಟ ಇಷ್ಟ. ಆಸರೆಗೆ ನಾನು ಹಾಕುವುದು ಸವೆದ ಹವಾಯಿ ಚಪ್ಪಲಿಯಿಂದ ಕೊಯ್ದ ಪಟ್ಟಿ. ಬಡಿಯುವ ಕೋಲಿನ ತುದಿಗೂ ಅದೇ ಚಪ್ಪಲಿಯ ಚೂರು ಅಂಟಿಸಿ. ಸ್ಪ್ಯಾನರ್ ತೆಗೆದುಕೊಂಡು ಬಡಿದರೆ ಕಿವಿ ಕೊರೆಯುತ್ತದೆ.

ಕೊಳಲಿನ ಬಗ್ಗೆ ಜಾಸ್ತಿ ಹೇಳಲ್ಲ, ಪಿವಿಸಿ ಕೊಳಲಿನ ಅಳತೆ ಎಲ್ಲ ಕಡೆ ಸಿಗುತ್ತವೆ. ಒಂದೇ ಮಾತು, ತೂತನ್ನು ಕಾದ ಕಬ್ಬಿಣದಿಂದ ಸುಡಬೇಡಿ. ಬಿದಿರಿಗೆ ಸರಿ, ಪಿವಿಸಿ ಸುಟ್ಟರೆ ಬರುವ ಹೊಗೆ ವಿಷ. ಡ್ರಿಲ್ ಬಳಸಿ. ಮೊದಲು ಮಕ್ಕಳಿಗೆ ಸ್ಟ್ರಾ ಪೀಪಿ ಹೇಳಿಕೊಡುತ್ತಿದ್ದೆ, ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಅರವಿಂದ ಗುಪ್ತಾ ಅವರ ಆಟಿಕೆಗಳಲ್ಲಿ ಅದೂ ಒಂದು. ತುದಿ ಚಪ್ಪಟೆ ಮಾಡಿ ಎರಡೂ ಬದಿ ಓರೆಯಾಗಿ ಕತ್ತರಿಸಿ ಊದಿದರೆ ನಾಗಸ್ವರದ ಬಾಯಿಗೆ ಸಿಕ್ಕಿಸಿ ಊದುವ ಪೀಪಿಯ ಹಾಗೇ ಕೆಲಸ ಮಾಡುತ್ತದೆ. ಊದುತ್ತಾ ಊದುತ್ತಾ ಇನ್ನೊಂದು ತುದಿ ಕತ್ತರಿಸುತ್ತಾ ಬಂದರೆ ಸ್ವರ ಏರುತ್ತಾ ಹೋಗುತ್ತದೆ. 2022ರ ಜುಲೈಯಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಷೇಧ ಆಯಿತು, ಒಳ್ಳೆಯದೇ ಆಯಿತು. ಕಾಗದದ ಸ್ಟ್ರಾ ಎಂಜಲಿಗೆ ಬೇಗ ಮೆತ್ತಗಾಗುತ್ತೆ. ನಾವು ಮತ್ತೆ ತೆಂಗಿನ ಗರಿಯ ಪೀಪಿಗೆ ಬಂದಿದ್ದೇವೆ.

ಕರಟದ ಪಿಟೀಲು ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ವಾದ್ಯ ಸುಲಭ, ಕಷ್ಟ ಇರೋದು ಕಮಾನು. ಕುದುರೆ ಬಾಲದ ಕೂದಲು ತಿಪಟೂರಲ್ಲಿ ಎಲ್ಲಿ ಹುಡುಕೋದು? ಮೀನಿನ ಗಾಳದ ನೈಲಾನ್ ದಾರದ ಕಟ್ಟನ್ನು ಬಿದಿರು ಕಡ್ಡಿಗೆ ಕಟ್ಟಿ, ಉಪ್ಪುಕಾಗದದಲ್ಲಿ ಸ್ವಲ್ಪ ಒರಟು ಮಾಡಿದೆ. ಆದರೂ ಜಾರುತ್ತದೆ. ಕಮಾನು ತಂತಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಮಾತ್ರ ಸ್ವರ, ಅದಕ್ಕೆ ರಾಳ ಬೇಕು. ಬೆಸುಗೆ ಹಾಕಲು ನಮ್ಮ ಚೀಲದಲ್ಲೇ ಗಟ್ಟಿ ರೋಸಿನ್ ಇರುತ್ತದೆ. ಅದೂ ಪೈನ್ ಮರದ ಅಂಟೇ, ಪಿಟೀಲಿನವರು ಬಳಸುವುದೂ ಅದೇ ಜಾತಿ. ಪುಡಿ ಮಾಡಿ ಹಚ್ಚಿದರೆ ತಂತಿ ಮಾತಾಡುತ್ತದೆ. ಡಬ್ಬಿಯಲ್ಲಿ ಬರುವ ಮೆತ್ತನೆಯ ಫ್ಲಕ್ಸ್ ಪೇಸ್ಟ್ ಹಚ್ಚಬೇಡಿ, ಜಿಡ್ಡು, ಕಮಾನು ಕೆಟ್ಟೇ ಹೋಗುತ್ತದೆ.

ಶಬ್ದ ಸಾಲದು, ಭಜನೆಯಲ್ಲಿ ಕೇಳಿಸಲ್ಲ ಅನ್ನುವವರಿಗೆ ಕೆಟ್ಟ ಆಟಿಕೆಯ ಬಜರ್ ಒಡೆದು ನೋಡಿ. ಹಿತ್ತಾಳೆ ಬಿಲ್ಲೆಯ ಮೇಲೆ ಬಿಳಿ ಸೆರಾಮಿಕ್ ಹಚ್ಚಿದ ಪೀಜೋ ಇರುತ್ತದೆ. ಎರಡು ವೈರ್ ಬೆಸೆದು ಜಾಕ್ ಹಾಕಿದರೆ ಅದೇ ಮೈಕು. ಇದಕ್ಕೂ ಜಾಗವೇ ಮುಖ್ಯ: ಕುದುರೆಯ ಕಾಲಿನ ಪಕ್ಕ ಅಂಟಿಸಿದರೆ ತಂತಿ ಕೇಳಿಸುತ್ತದೆ, ಡಬ್ಬಿಯ ಬದಿಗೆ ಅಂಟಿಸಿದರೆ ನಿಮ್ಮ ಬೆರಳು, ಬಳೆ, ಅಂಗಿ ಉಜ್ಜುವುದೇ ಜಾಸ್ತಿ ಕೇಳಿಸುತ್ತದೆ. ಗಿಟಾರ್ ಆಂಪ್ಲಿಫೈಯರ್ ಇದ್ದರೆ ಅದಕ್ಕೇ ಹಾಕಿ, ಮಾಮೂಲಿ ಆಕ್ಸ್ ತೂತಿಗೆ ಹಾಕಿದರೆ ಮಂದ್ರ ಸತ್ತು ತೆಳ್ಳಗೆ ಕೇಳಿಸುತ್ತದೆ. ಮತ್ತೆ, ಹಳೇ ರೇಡಿಯೋ ಬಿಚ್ಚಿ ಅದರ ಒಳಗೆ ಈ ವೈರ್ ಸೇರಿಸುವ ಸಾಹಸ ಬೇಡ. ಕೆಲವು ಹಳೇ ಸೆಟ್‌ಗಳಲ್ಲಿ ತಗಡಿನ ಚಾಸಿಗೇ ಕರೆಂಟ್ ಇರುತ್ತದೆ, ಅದು ನೇರ ನಿಮ್ಮ ತಂತಿಗೆ ಬರುತ್ತದೆ. ಬ್ಯಾಟರಿಯಲ್ಲಿ ಓಡುವ ಚಿಕ್ಕ ಆಂಪ್ಲಿಫೈಯರ್ ಸಾಕು.