ಆಂಟಿಬಾಡಿ ನೆಗೆಟಿವ್ ಬಂದರೂ ಎಚ್‌ಐವಿ ಶಂಕೆ ಉಳಿದರೆ?

ಆಂಟಿಬಾಡಿ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಅದು ಪರೀಕ್ಷೆಗೆ ಸಿಗುವಷ್ಟಾಗಲು 3 ವಾರದಿಂದ 3 ತಿಂಗಳು ಬೇಕು. ಹಾಗಾಗಿ ನೆಗೆಟಿವ್ ವರದಿ ಕೈಗೆ ಬಂದಾಗ ಮೊದಲು ಬರೆದುಕೊಳ್ಳಬೇಕಾದ್ದು ತಾರೀಖು: ಸೋಂಕು ತಗುಲಿರಬಹುದಾದ ಕೊನೆಯ ಸಂದರ್ಭ ಯಾವತ್ತು? ಇನ್ನೂ 72 ಗಂಟೆ ಕಳೆದಿಲ್ಲವಾದರೆ ಈ ಲೆಕ್ಕವೆಲ್ಲ ಆಮೇಲೆ. ಸೋಂಕು ತಡೆಯುವ 28 ದಿನಗಳ ಪೆಪ್ ಔಷಧಿಯನ್ನು ಆ ಗಡುವಿನೊಳಗೇ ಶುರು ಮಾಡಬೇಕು.

ಈಗ ದಿನ ಎಣಿಸಿ. ಮೊದಲ ಸುಮಾರು 10 ದಿನ ಯಾವ ಪರೀಕ್ಷೆಗೂ ಏನೂ ಸಿಗದು. ವೈರಸ್ಸಿನ ಆನುವಂಶಿಕ ವಸ್ತುವಾದ ಆರ್‌ಎನ್‌ಎಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ 10ರಿಂದ 33 ದಿನಗಳಲ್ಲಿ ಸೋಂಕು ಹಿಡಿಯುತ್ತದೆ. ಪಿ24 ಆಂಟಿಜೆನ್ (ವೈರಸ್ಸಿನದೇ ಒಂದು ಪ್ರೋಟೀನ್) ಮತ್ತು ಆಂಟಿಬಾಡಿ ಎರಡನ್ನೂ ನೋಡುವ ಪ್ರಯೋಗಾಲಯದ ಕಾಂಬೊ ಪರೀಕ್ಷೆಗೆ 18ರಿಂದ 45 ದಿನ. ಅದೇ ಕಾಂಬೊವನ್ನು ಬೆರಳು ಚುಚ್ಚಿ ಮಾಡಿದರೆ 90 ದಿನದವರೆಗೂ ಎಳೆಯಬಹುದು.

2ರಿಂದ 4 ವಾರಗಳ ನಡುವೆ ಜ್ವರ, ಗಂಟಲುನೋವು, ಮೈಮೇಲೆ ದದ್ದು, ಕತ್ತಿನ ಗ್ರಂಥಿಗಳ ಊತ ಕಾಣಿಸಿಕೊಂಡರೆ ಫ್ಲೂ ಎಂದು ಕೈಬಿಡಬೇಡಿ. ರೋಗಪತ್ತೆ ತಪ್ಪಿಹೋಗುವುದು ಹೆಚ್ಚಾಗಿ ಇಲ್ಲೇ. ಕಾಂಬೊ, ನ್ಯಾಟ್ ಎರಡನ್ನೂ ಒಟ್ಟಿಗೇ ಮಾಡಿಸಿ. ನ್ಯಾಟ್‌ಗೆ ರಕ್ತವನ್ನು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿನಲ್ಲೇ ತೆಗೆಯಬೇಕು. ಅದೇ ಕೆಲಸದ ಇನ್ನೊಂದು ವಸ್ತು ಹೆಪಾರಿನ್ ಇದ್ದರೆ, ಪತ್ತೆಗಾಗಿ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯೇ ಕೆಡುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೇರ್ಪಡಿಸುವುದು ತಡವಾದರೆ ಆರ್‌ಎನ್‌ಎ ಕರಗುತ್ತಾ ಹೋಗುತ್ತದೆ.

ಹೊಸ ಸೋಂಕಿನಲ್ಲಿ ಪ್ರತಿ ಮಿಲಿಲೀಟರಿಗೆ ಲಕ್ಷಗಟ್ಟಲೆ ಆರ್‌ಎನ್‌ಎ ಪ್ರತಿಗಳಿರುವುದೇ ಹೆಚ್ಚು. ಎಣಿಕೆ ತೀರಾ ಕಡಿಮೆಯಿದ್ದರೆ ಹುಸಿ ಪಾಸಿಟಿವ್ ಇರಬಹುದು, ಹೊಸ ಮಾದರಿ ತೆಗೆದು ಮತ್ತೆ ನೋಡಬೇಕು. ಕಾಂಬೊ ಪಾಸಿಟಿವ್, ದೃಢೀಕರಣದ ಆಂಟಿಬಾಡಿ ಪರೀಕ್ಷೆ ನೆಗೆಟಿವ್ ಎಂದಾದರೆ ಮೊದಲನೆಯದು ತಪ್ಪೆಂದು ತಳ್ಳಿಹಾಕುವುದು ಅಪಾಯಕರ. ಅಲ್ಲಿ ತೀರ್ಪು ಹೇಳಬೇಕಾದ್ದು ನ್ಯಾಟ್.

ಪೆಪ್ ಅಥವಾ ಪ್ರೆಪ್ (ಸೋಂಕಿನ ಸಂದರ್ಭಕ್ಕೂ ಮುಂಚೆಯೇ ತಡೆಗೆಂದು ಶುರು ಮಾಡುವ) ಔಷಧಿ ತೆಗೆದುಕೊಳ್ಳುತ್ತಿರುವವರಲ್ಲಿ ವೈರಸ್ಸೂ ಅಡಗುತ್ತದೆ, ಆಂಟಿಬಾಡಿಯೂ ತಡವಾಗುತ್ತದೆ. ಅವರಿಗೆ ಮೇಲಿನ ದಿನಗಳ ಲೆಕ್ಕ ಹೊಂದುವುದಿಲ್ಲ. ಔಷಧಿಯ ವಿವರವನ್ನು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿ. ಹುಟ್ಟಿನಿಂದಲೇ ಪ್ರತಿಕಾಯ ತಯಾರಾಗದ ಕಾಯಿಲೆಯಿದ್ದವರಲ್ಲಿ ಆಂಟಿಬಾಡಿ ಎಂದೂ ಮೂಡದಿರಬಹುದು. ಎಚ್‌ಐವಿಯ ಎರಡನೇ ಬಗೆಯಾದ ಎಚ್‌ಐವಿ-2 ಶಂಕೆಯಿದ್ದರೆ ಅದಕ್ಕೆಂದೇ ಇರುವ ಪರೀಕ್ಷೆ ಕೇಳಿ, ಎಚ್‌ಐವಿ-1ರ ಹೆಚ್ಚಿನ ನ್ಯಾಟ್‌ಗಳು ಅದನ್ನು ಗುರುತಿಸುವುದಿಲ್ಲ.

ನ್ಯಾಟ್ ಪಾಸಿಟಿವ್ ಬಂದರೆ ಆಂಟಿಬಾಡಿ ಮೂಡಲಿ ಎಂದು ಕಾಯದೆ ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಔಷಧಿ ಚಿಕಿತ್ಸೆ) ಶುರು ಮಾಡಬಹುದು. ದೃಢೀಕರಣದ ಮಾದರಿಯನ್ನು ಮೊದಲ ಮಾತ್ರೆಗೂ ಮುಂಚೆ ತೆಗೆದಿಡಿ. ಅಂತಿಮ ಫಲಿತಾಂಶ ಬರುವವರೆಗೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ. ಆಂಟಿಬಾಡಿ ಇನ್ನೂ ಮೂಡದ ಈ ವಾರಗಳಲ್ಲೇ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುತ್ತದೆ.