ಏರ್ ಕಂಪ್ರೆಸರಲ್ಲಿ ಗಾಳಿ ನಿಲ್ತಿಲ್ವಾ? ಬಿಚ್ಚೋಕೆ ಮುಂಚೆ ಕಿವಿಗೊಟ್ಟು ಕೇಳಿ

ಟ್ಯಾಂಕ್ ತುಂಬಿ ಮೋಟರ್ ಆಫ್ ಆದಾಗ ಪ್ರೆಶರ್ ಸ್ವಿಚ್ (ಮೋಟರನ್ನ ತಾನೇ ಆನ್-ಆಫ್ ಮಾಡೋ ಡಬ್ಬಿ) ಹತ್ರ ಎರಡು ಮೂರು ಸೆಕೆಂಡ್ ಉಸ್ ಅಂತ ಗಾಳಿ ಬಂದು ನಿಂತ್ರೆ ಹೆದರಬೇಡಿ, ಪಂಪ್‌ನಿಂದ ಟ್ಯಾಂಕಿಗೆ ಹೋಗೋ ಪೈಪಲ್ಲಿ ಉಳಿದಿರೋ ಗಾಳಿನ ಅನ್‌ಲೋಡರ್ ವಾಲ್ವ್ ಹೊರಗೆ ಬಿಡ್ತಿದೆ ಅಷ್ಟೆ, ಇಲ್ಲಾಂದ್ರೆ ಮುಂದಿನ ಸಲ ಮೋಟರ್ ಎದ್ದೇಳೋಕೆ ಒದ್ದಾಡುತ್ತೆ. ಆದ್ರೆ ಆ ಸದ್ದು ನಿಲ್ಲದೆ ಬರ್ತಾನೇ ಇದ್ರೆ ಟ್ಯಾಂಕಿನ ಗಾಳಿನೇ ವಾಪಸ್ ಬರ್ತಿದೆ ಅಂತ ಅರ್ಥ. ತುಂಬಾ ಜನ ಇಲ್ಲೇ ಎಡವೋದು, ಸದ್ದು ಸ್ವಿಚ್ಚಿಂದ ಬರ್ತಿದೆ ಅಂತ ಹೊಸ ಸ್ವಿಚ್ ತಂದು ಹಾಕ್ತಾರೆ, ಸದ್ದು ಹಾಗೇ ಇರುತ್ತೆ. ಬಹುತೇಕ ಸಲ ಕೆಟ್ಟಿರೋದು ಪೈಪ್ ಟ್ಯಾಂಕಿಗೆ ಸೇರೋ ಜಾಗದಲ್ಲಿರೋ ಚೆಕ್ ವಾಲ್ವ್, ಅಂದ್ರೆ ಗಾಳಿನ ಟ್ಯಾಂಕೊಳಗೆ ಮಾತ್ರ ಬಿಟ್ಟು ವಾಪಸ್ ಬರದ ಹಾಗೆ ತಡೆಯೋ ವಾಲ್ವ್.

ಮೊದಲು ಪ್ಲಗ್ ಕೀಳಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಗೇಜ್ ಸೊನ್ನೆಗೆ ಬಂದ್ಮೇಲೂ ಟ್ಯಾಂಕಿನ ಅಡಿಯಲ್ಲಿರೋ ಡ್ರೇನ್ ವಾಲ್ವ್ ತೆರೆದೇ ಇಟ್ಟಿರಿ, ದಯವಿಟ್ಟು ಇದನ್ನ ಬಿಡಬೇಡಿ. ಈಗಷ್ಟೇ ಓಡಿದ್ರೆ ಪೈಪ್ ಕೈ ಸುಡುತ್ತೆ, ಆರೋಕೆ ಬಿಡಿ. ಆಮೇಲೆ ಪೈಪಿನ ನಟ್, ಪಕ್ಕದ ಸಣ್ಣ ಟ್ಯೂಬ್ ಬಿಚ್ಚಿ ವಾಲ್ವನ್ನ ಸ್ಪ್ಯಾನರಲ್ಲಿ ತಿರುಗಿಸಿ ತೆಗೀರಿ. ಒಳಗೆ ಒಂದು ಪುಟ್ಟ ಸ್ಪ್ರಿಂಗು, ಬಿಲ್ಲೆಯಷ್ಟು ರಬ್ಬರು ಇರುತ್ತೆ. ಬೆಳಕಿಗೆ ಹಿಡಿದು ನೋಡಿ, ಬರೀ ಕಪ್ಪು ಕಿಟ್ಟನೋ ತುಕ್ಕಿನ ಚೂರೋ ಕೂತಿದ್ರೆ ಒರೆಸಿದ್ರೆ ಸಾಕು, ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ವಾಲ್ವೇ ಬದಲಾಯಿಸಿ. ವಾಪಸ್ ಹಾಕುವಾಗ ವಾಲ್ವಿನ ಟ್ಯಾಂಕಿಗೆ ಹೋಗೋ ಕಡೆಯ ಥ್ರೆಡ್ಡಿಗೆ ಮಾತ್ರ ಟೆಫ್ಲಾನ್ ಟೇಪ್ ಸುತ್ತಿ, ಪೈಪಿನ ನಟ್‌ಗೆ ಬೇಡ. ಗಾಳಿ ತುಂಬಿಸಿ ಎಲ್ಲ ಜಾಯಿಂಟಿಗೂ ಸೋಪ್ ನೀರು ಹಚ್ಚಿ, ಗುಳ್ಳೆ ಎದ್ದಲ್ಲಿ ಇನ್ನೂ ಲೀಕ್ ಇದೆ.

ಮೋಟರ್ ಗುಂಯ್ ಅಂತ ತಿರುಗದೆ ನಿಂತ್ರೆ ತಕ್ಷಣ ಆಫ್ ಮಾಡಿ, ಒಳಗಿನ ತಂತಿ ಸುತ್ತು (ವೈಂಡಿಂಗ್) ಸುಟ್ಟೋಗುತ್ತೆ. ಉದ್ದದ ತೆಳು ಎಕ್ಸ್‌ಟೆನ್ಶನ್ ವಯರ್ ಇದ್ರೆ ಅದನ್ನ ತೆಗೆದು ನೇರ ಸಾಕೆಟ್ಟಿಗೆ ಹಾಕಿ, ಟ್ಯಾಂಕ್ ಖಾಲಿ ಇದ್ದಾಗಲೂ ಏಳದಿದ್ರೆ ಮೋಟರ್ ಶುರುವಾಗೋಕೆ ನೆರವಾಗೋ ಕೆಪಾಸಿಟರ್ ಮೇಲೆ ಅನುಮಾನ ಪಡಬೇಕು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತೆ, ಡಿಸ್‌ಚಾರ್ಜ್ ಮಾಡಿ ಅಭ್ಯಾಸ ಇಲ್ದಿದ್ರೆ ಎಲೆಕ್ಟ್ರಿಷಿಯನ್ನಿಗೇ ಬಿಡಿ. ಮೋಟರ್ ಚೆನ್ನಾಗಿ ಓಡ್ತಿದ್ರೂ ಗೇಜ್ ಮುಳ್ಳು ಮೇಲೇಳ್ತಿಲ್ಲ ಅಂದ್ರೆ ಏರ್ ಫಿಲ್ಟರ್ ನೋಡಿ, ಆಮೇಲೆ ಪಂಪಿನ ಮೇಲ್ಭಾಗದ ಹೆಡ್ ಬಿಚ್ಚಿ ರೀಡ್ ವಾಲ್ವು (ಗಾಳಿ ಒಳಗೆ-ಹೊರಗೆ ಬಿಡೋ ತೆಳು ತಗಡು), ಗ್ಯಾಸ್ಕೆಟ್ಟು ನೋಡಿ.

ದಿನಾ ಕೆಲಸ ಮುಗಿದ ಮೇಲೆ, ಗಾಳಿಯ ತೇವದಿಂದ ಟ್ಯಾಂಕಲ್ಲಿ ಸೇರಿರೋ ನೀರು ತೆಗೀಲೇಬೇಕು, ಒಳಗಿಂದ ತುಕ್ಕು ತಿನ್ನೋದು ಹೊರಗೆ ಕಾಣಲ್ಲ. ಸೂಜಿ ಮೊನೆಯಷ್ಟು ತೂತು ಬಿದ್ರೂ ವೆಲ್ಡಿಂಗ್, ಎಂ-ಸೀಲ್ ಅಂತ ಹೋಗ್ಬೇಡಿ, ಸುತ್ತಲಿನ ತಗಡೂ ಸವೆದಿರುತ್ತೆ, ಸಿಡಿದ್ರೆ ಪ್ರಾಣಕ್ಕೇ ಕುತ್ತು. ಆ ಟ್ಯಾಂಕನ್ನ ಗುಜರಿಗೆ ಹಾಕಿ.