ಕಪಾಟಿನ ಬೆನ್ನು ನೋಡಿ ಕೊಳ್ಳಲು ಕಲಿತದ್ದು

ಕನ್ನಡಿ ಇದ್ದರೆ ಡ್ರೆಸಿಂಗ್ ಟೇಬಲ್ ಎಂದೂ ಕನ್ನಡಿಯಿಲ್ಲದೆ ಬರೀ ಡ್ರಾವರುಗಳ ಸಾಲಿದ್ದರೆ ಡ್ರಾವರ್ ಕಪಾಟು ಎಂದೂ ನಮ್ಮ ಕಡೆ ಕರೆಯುತ್ತಾರೆ. ಎರಡನ್ನೂ ಸೇರಿಸಿ ನಾನು ಡ್ರೆಸರ್ ಎನ್ನುತ್ತೇನೆ. ಆರು ವರ್ಷಗಳಿಂದ ಹುಡುಕುತ್ತಿರುವುದು ಇವೆರಡನ್ನೂ, ಆದರೆ ಒಂದು ಕಾಲದವನ್ನು ಮಾತ್ರ: ಹೆಚ್ಚುಕಡಿಮೆ 1950ರಿಂದ 1970ರ ನಡುವೆ ಧಾರವಾಡ, ಹುಬ್ಬಳ್ಳಿ, ಗದಗದ ಬಡಿಗರು ಸಾಗವಾನಿಯಲ್ಲಿ ಮಾಡಿದ, ಕೆತ್ತನೆಯಿಲ್ಲದ ನೇರ ಮುಖದ, ಕೆಳಕ್ಕೆ ಹೋದಂತೆ ಸಣ್ಣಗಾಗುವ ಓರೆ ಕಾಲುಗಳ ಡ್ರೆಸರುಗಳು. ಇಂಥವು ಮೂರನ್ನು ಕೊಂಡಿದ್ದೇನೆ. ಮೊದಲೆರಡರಲ್ಲಿ ಮಾಡಿದ ತಪ್ಪುಗಳಿಂದಲೇ ಮೂರನೆಯದನ್ನು ಸರಿಯಾಗಿ ಆರಿಸಲು ಬಂತು ಎಂಬ ಕಾರಣಕ್ಕೆ ಆ ತಪ್ಪುಗಳನ್ನೂ ಇಲ್ಲಿ ಬಿಡದೆ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ನಂತರದ ಎರಡು ಎರಡೂವರೆ ದಶಕಗಳಲ್ಲಿ ಹರಡಿದ ಈ ಶೈಲಿಗೆ ಈಗ ಜಗತ್ತಿನಾದ್ಯಂತ ಮಿಡ್-ಸೆಂಚುರಿ ಮಾಡರ್ನ್ ಎಂಬ ಹೆಸರಿದೆ. ಡೆನ್ಮಾರ್ಕಿನ ಬಡಗಿ ಕಾರ್ಖಾನೆಗಳು ಆಗ ಬೆನ್ನು ಹತ್ತಿದ್ದು ಸಾಗವಾನಿಯನ್ನೇ. ಅವರು ಅದನ್ನು ಹಡಗಿನಲ್ಲಿ ಆಗ್ನೇಯ ಏಷ್ಯಾದಿಂದ ತರಿಸಿಕೊಳ್ಳಬೇಕಿತ್ತು, ನಮಗೆ ಅದು ದಾಂಡೇಲಿ, ಹಳಿಯಾಳದ ಕಾಡಿನಿಂದ ಬರುತ್ತಿತ್ತು. ಭಾರತದಲ್ಲಿ ಈ ಶೈಲಿಯ ದೊಡ್ಡ ಪ್ರಯೋಗ ನಡೆದದ್ದು ಚಂಡೀಗಢದಲ್ಲಿ. ಅಲ್ಲಿ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜೆನರೆ ಸರಕಾರಿ ಕಚೇರಿಗಳಿಗಾಗಿ ಮಾಡಿಸಿದ ಕುರ್ಚಿ, ಮೇಜುಗಳು ಮುಂದೆ ಗುಜರಿ ದರದಲ್ಲಿ ಹರಾಜಾಗಿ, ವಿದೇಶದಲ್ಲಿ ಲಕ್ಷಗಟ್ಟಲೆಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟಕ್ಕೆ ತಡೆ ಹಾಕುವವರೆಗೆ ಹೋಯಿತು. ಆ ಸುದ್ದಿಯ ಬಿಸಿ ಇಲ್ಲಿಗೂ ತಟ್ಟಿದೆ. ಓರೆ ಕಾಲಿನ ಯಾವ ಸಾಮಾನನ್ನು ಕಂಡರೂ ‘ಚಂಡೀಗಢ ಟೈಪ್’ ಎಂದು ದರ ಏರಿಸುವ ವ್ಯಾಪಾರಿಗಳನ್ನು ನಾನೇ ನೋಡಿದ್ದೇನೆ. ನಮ್ಮ ಡ್ರೆಸರುಗಳಿಗೆ ಚಂಡೀಗಢದ ನಂಟು ಬೇಕಾಗಿಲ್ಲ. ಧಾರವಾಡ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು; ಇಲ್ಲಿನ ವಕೀಲರು, ರೈಲ್ವೆ ನೌಕರರು, 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡಕ್ಕೆ ಬಂದಾಗ ಅದರ ಜೊತೆಗೆ ಬಂದ ಅಧ್ಯಾಪಕರು ಮುಂಬಯಿಯ ಮನೆಗಳಲ್ಲಿ ಕಂಡದ್ದನ್ನು ನೆನಪಿಟ್ಟುಕೊಂಡು ಬಂದು ಇಲ್ಲಿನ ಬಡಿಗರಿಂದ ಮಾಡಿಸಿರಬೇಕು ಎಂಬುದು ನನ್ನ ತಿಳಿವಳಿಕೆ. ಆದ್ದರಿಂದಲೇ ಅವುಗಳ ಮೇಲೆ ಯಾವ ಕಂಪನಿಯ ಮುದ್ರೆಯೂ ಇರುವುದಿಲ್ಲ, ಒಂದರಂತೆ ಇನ್ನೊಂದು ಇರುವುದಿಲ್ಲ.

ಮೊದಲನೆಯದನ್ನು ಕೊಂಡದ್ದು ಹುಬ್ಬಳ್ಳಿಯ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ. ಕಡುಗೆಂಪು ಮುಖ, ಕರಿ ಗೆರೆ, ಕನ್ನಡಿಯಂಥ ಹೊಳಪು. ಬೀಟೆ ಮರದ್ದು ಎಂದರು, ಹದಿನಾಲ್ಕು ಸಾವಿರ ಕೊಟ್ಟು ತಂದೆ. ಮೂರು ತಿಂಗಳ ನಂತರ ಒಂದು ಡ್ರಾವರನ್ನು ಪೂರ್ತಿ ಹೊರಗೆ ತೆಗೆದಾಗ, ಕೆಂಪು ಬಣ್ಣ ಮುಂಭಾಗದ ಹಲಗೆಯ ಅಂಚಿನಿಂದ ಅರ್ಧ ಇಂಚು ಒಳಗೆ ಬಂದು ಒಂದೇ ಗೆರೆಗೆ ನಿಂತುಬಿಟ್ಟದ್ದು, ಅದರಾಚೆ ಹಲಗೆ ಬಿಳಿಚಿಕೊಂಡಿರುವುದು ಕಂಡಿತು. ಬೀಟೆಯ ತಿರುಳಿಗೆ ಬಣ್ಣ ಹುಟ್ಟಿನಿಂದಲೇ ಇರುತ್ತದೆ, ಅದು ಎಲ್ಲಿಯೂ ಗೆರೆಗೆ ನಿಲ್ಲುವುದಿಲ್ಲ. ತೂಕವನ್ನಾದರೂ ನಾನು ಗಮನಿಸಬೇಕಿತ್ತು: ಒಣಗಿದ ಸಾಗವಾನಿ ಒಂದು ಘನ ಅಡಿಗೆ ಹದಿನೆಂಟು ಕಿಲೋದ ಆಸುಪಾಸು ತೂಗಿದರೆ ಬೀಟೆ ಇಪ್ಪತ್ತನಾಲ್ಕರ ಹತ್ತಿರ ತೂಗುತ್ತದೆ, ಮತ್ತು ನಾನು ಕೊಂಡ ಕಪಾಟನ್ನು ಇಬ್ಬರು ಹುಡುಗರು ನಗುನಗುತ್ತ ಮಹಡಿಗೆ ಏರಿಸಿದ್ದರು.

ಅದನ್ನು ತೋರಿಸಲು ಕಲಘಟಗಿ ಕಡೆಯ ಹಿರಿಯ ಬಡಿಗರೊಬ್ಬರನ್ನು ಕರೆಸಿದೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರಿನ ಕಡೆಯವರು, ಮರ ಮತ್ತು ಅರಗಿನ ನಡುವೆಯೇ ಬೆಳೆದವರು. ಅವರು ಕಪಾಟಿನ ಮುಂದೆ ನಿಲ್ಲಲೇ ಇಲ್ಲ, ನೇರವಾಗಿ ಹಿಂದಕ್ಕೆ ಹೋದರು. “ಅಕ್ಕಾರ, ಮಾರಿ ನೋಡಿ ಕಪಾಟ ತಗೋಬ್ಯಾಡ್ರಿ. ಮಾರಿಗೆ ಯಾರ ಬೇಕಾದ್ರೂ ಬಣ್ಣಾ ಬಳೀತಾರ. ಡ್ರಾವರ ಹೊರಗ ಜಗ್ರಿ, ಬೋರಲ ಹಾಕ್ರಿ, ಆಮ್ಯಾಲ ರೇಟಿನ ಮಾತಾಡ್ರಿ” ಎಂದರು. ಅಂದಿನಿಂದ ನಾನು ಮಾಡುತ್ತಿರುವುದು ಇಷ್ಟೇ, ಆದರೆ ಇಷ್ಟರಲ್ಲಿಯೇ ಬಹಳಷ್ಟು ತಿಳಿಯುತ್ತದೆ.

ಡ್ರಾವರನ್ನು ಬೋರಲು ಹಾಕಿದಾಗ ಮೊದಲು ನೋಡುವುದು ಮುಂಭಾಗದ ಹಲಗೆ ಮತ್ತು ಪಕ್ಕದ ಹಲಗೆ ಸೇರುವ ಮೂಲೆಯನ್ನು. ಒಳ್ಳೆಯ ಕೆಲಸದಲ್ಲಿ ಅಲ್ಲಿ ಮೊಳೆ ಇರುವುದಿಲ್ಲ. ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ, ತುದಿಗೆ ಅಗಲವಾಗುವ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡಿರುತ್ತವೆ. ಇದಕ್ಕೆ ಡವ್‌ಟೇಲ್ ಎನ್ನುತ್ತಾರೆ. ಡ್ರಾವರನ್ನು ಎಷ್ಟು ಬಲವಾಗಿ ಜಗ್ಗಿದರೂ ಮುಂದಿನ ಹಲಗೆ ಕಿತ್ತು ಬರುವುದಿಲ್ಲ ಎಂಬುದು ಇದರ ಗುಣ. ಕೈಯಿಂದ ಕೊಯ್ದದ್ದಾದರೆ ಹಲ್ಲುಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಇರುವುದಿಲ್ಲ, ಬುಡದಲ್ಲಿ ಬಡಿಗ ಗರಗಸ ಎಲ್ಲಿ ನಿಲ್ಲಬೇಕೆಂದು ಗೀರಿದ ಕೂದಲೆಳೆಯಷ್ಟು ಸಣ್ಣ ಗೆರೆ ಇನ್ನೂ ಉಳಿದಿರುತ್ತದೆ. ಯಂತ್ರದ್ದಾದರೆ ಎಲ್ಲ ಹಲ್ಲುಗಳೂ ಅಳೆದಿಟ್ಟಂತೆ ಸಮ. ಆಮೇಲೆ ತಳದ ಹಲಗೆಯ ಮೇಲೆ ಬೆರಳ ತುದಿಯನ್ನು ಅಡ್ಡಲಾಗಿ ಎಳೆಯಬೇಕು. ಕೈಯಿಂದ ಹತ್ತರಿ (ಮರ ಹೆರೆಯುವ ಉಪಕರಣ) ಹೊಡೆದ ಹಲಗೆಯಾದರೆ ಕಣ್ಣಿಗೆ ಕಾಣದ ಸಣ್ಣ ಅಲೆಗಳು ಬೆರಳಿಗೆ ಸಿಗುತ್ತವೆ. ತಳದ ಹಲಗೆಯನ್ನು ನಾಲ್ಕೂ ಬದಿಗೆ ಅಂಟು ಹಚ್ಚಿ ಬಿಗಿದಿರಬಾರದು, ಪಕ್ಕದ ಹಲಗೆಗಳಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂತಿರಬೇಕು; ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದಕ್ಕೆ ಜಾಗ ಬಿಡದಿದ್ದರೆ ಅದು ಸೀಳುತ್ತದೆ. ತಳಕ್ಕೆ ಪ್ಲೈವುಡ್ ಹಾಕಿದ್ದರೆ ಅದನ್ನೊಂದು ದೋಷವೆಂದು ನಾನು ಎಣಿಸುವುದಿಲ್ಲ, ಆ ಕಾಲದಲ್ಲಿಯೂ ಹಾಕುತ್ತಿದ್ದರು.

ನನಗೆ ಎಲ್ಲಕ್ಕಿಂತ ನಂಬಿಕೆಯ ಗುರುತು ಸವಕಳಿ. ಅರವತ್ತು ವರ್ಷ ದಿನಕ್ಕೆ ಎರಡು ಸಲ ಎಳೆದು ನೂಕಿದ ಡ್ರಾವರಿನ ಪಕ್ಕದ ಹಲಗೆಗಳ ಕೆಳ ಅಂಚು ಸವೆಯಲೇಬೇಕು, ಅದೂ ಹಿಂಭಾಗದಲ್ಲಿ ಹೆಚ್ಚಾಗಿ. ಆ ಅಂಚು ಚೂಪಾಗಿ ಹೊಸದರಂತೆ ಇದ್ದು ಮುಖ ಮಾತ್ರ ಹಳೆಯದಾಗಿ ಕಂಡರೆ, ಹಳೆಯ ಬಾಗಿಲು ಕಿಟಕಿಗಳ ಮರದಿಂದ ಈಚೆಗೆ ಜೋಡಿಸಿದ ಸಾಮಾನು ಎಂದು ನಾನು ಹಿಂದಕ್ಕೆ ಸರಿಯುತ್ತೇನೆ. ಹಿಡಿಕೆಯ ಹಿಂದೆ ಮರದ ಪುಡಿ ತುಂಬಿ ಮುಚ್ಚಿದ ಹೆಚ್ಚಿನ ತೂತುಗಳಿದ್ದರೆ ಹಿಡಿಕೆಗಳು ಬದಲಾಗಿವೆ. ಅದಕ್ಕೆ ದರ ಇಳಿಸಿ ಕೇಳಬಹುದು, ಬಿಟ್ಟುಬರಬೇಕಾಗಿಲ್ಲ.

ಕಾಲ ನಿರ್ಣಯದಲ್ಲಿ ಅವಸರ ಮಾಡಬಾರದು. ಡ್ರಾವರಿನೊಳಗೆ ಹಾಸಿದ ಹಳೆಯ ಪತ್ರಿಕೆಯ ತಾರೀಖು ಅದನ್ನು ಹಾಸಿದ ದಿನವನ್ನು ಹೇಳುತ್ತದೆಯೇ ಹೊರತು ಕಪಾಟು ಹುಟ್ಟಿದ ದಿನವನ್ನಲ್ಲ. ಅಳತೆ ಇಂಚಿನಲ್ಲಿದೆ ಎಂಬುದೂ ಏನನ್ನೂ ಹೇಳುವುದಿಲ್ಲ, ನಮ್ಮ ಬಡಿಗರು ಇವತ್ತಿಗೂ ಇಂಚಿನಲ್ಲಿಯೇ ಅಳೆಯುತ್ತಾರೆ. ರಸೀದಿ ಅಥವಾ ಚೀಟಿ ಸಿಕ್ಕು ಅದರಲ್ಲಿ ಆಣೆಯ ಲೆಕ್ಕವಿದ್ದರೆ ಅದು ಸ್ವಲ್ಪ ಗಟ್ಟಿಯಾದ ಸಾಕ್ಷಿ, ಏಕೆಂದರೆ 1957ರ ಏಪ್ರಿಲಿನಲ್ಲಿ ಆಣೆಯ ಬದಲು ನಯೇ ಪೈಸೆ ಬಂದಿತು. ಅಂಟನ್ನೂ ನೋಡುತ್ತೇನೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕೆ ಮುಂಚೆ ಬಡಿಗರು ಬಳಸುತ್ತಿದ್ದದ್ದು ಚರ್ಮ, ಎಲುಬು ಬೇಯಿಸಿ ಮಾಡಿದ ಸರೇಸು. ಒಡೆದ ಮೂಲೆಯಲ್ಲಿ ಜೇನುಬಣ್ಣದ, ಗಾಜಿನಂತೆ ಪುಡಿಯಾಗುವ ಅಂಟು ಕಂಡರೆ ನನಗೆ ಸಂತೋಷವಾಗುತ್ತದೆ: ಸರೇಸು ಬಿಸಿನೀರಿಗೆ ಮೆತ್ತಗಾಗುವುದರಿಂದ ಆ ಬೆಸುಗೆಯನ್ನು ಮರಕ್ಕೆ ಪೆಟ್ಟಾಗದಂತೆ ಬಿಚ್ಚಿ ಮತ್ತೆ ಕೂಡಿಸಬಹುದು. ಇನ್ನು, ದುಂಡಗಿನ ಮೂಲೆಗಳ, ಮೂರು ಮಡಿಕೆಯ ಕನ್ನಡಿಯ, ನೆಲಕ್ಕೆ ಕೂತಂತಿರುವ ಭಾರದ ಡ್ರೆಸಿಂಗ್ ಟೇಬಲುಗಳನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ. ಅವು ಮೂವತ್ತು, ನಲವತ್ತರ ದಶಕಗಳ, ಆರ್ಟ್ ಡೆಕೊ ಎಂಬ ಇದಕ್ಕಿಂತ ಮುಂಚಿನ ಶೈಲಿಯವು. ಅವೂ ಚೆಲುವಾದವೇ, ಆದರೆ ಬೇರೆ ಜಾತಿ.

ಎರಡನೆಯದು ಗದಗದ್ದು. ಡ್ರಾವರು, ಮೂಲೆ, ಸವಕಳಿ ಎಲ್ಲವನ್ನೂ ಪರೀಕ್ಷಿಸಿ ತಂದ ಒಳ್ಳೆಯ ಸಾಮಾನನ್ನು ನಾನು ಮನೆಯಲ್ಲಿ ಕೆಡಿಸಿದೆ. ಮೇಲಿನ ಹಲಗೆಯ ಮೇಲೆ ಚಹಾ ಕಪ್ಪಿನ ಬಿಳಿ ಉಂಗುರಗಳಿದ್ದವು, ಅವನ್ನು ತೆಗೆಯಲು ಬಾಡಿಗೆಗೆ ಸ್ಯಾಂಡಿಂಗ್ ಮಷಿನ್ ತಂದೆ. ಮೇಲಿನದು ಇಡೀ ಸಾಗವಾನಿಯಲ್ಲ, ಬೇರೆ ಹಲಗೆಗೆ ಅಂಟಿಸಿದ ತೆಳ್ಳನೆಯ ಸಾಗವಾನಿ ವೆನೀರ್ ಎಂಬುದನ್ನು ನಾನು ನೋಡಿರಲಿಲ್ಲ. ಎರಡು ನಿಮಿಷದಲ್ಲಿ ಅಂಗೈಯಗಲದ ಜಾಗದಲ್ಲಿ ಪದರು ಸವೆದು ಕೆಳಗಿನ ಮಸುಕು ಮರ ಹೊರಬಿತ್ತು. ಆ ಗಾಯ ಇನ್ನೂ ಹಾಗೆಯೇ ಇದೆ, ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಹಲಗೆಯ ತುದಿಗೆ ಹೋಗಿ ನೋಡಿದ್ದರೆ ಸಾಕಿತ್ತು. ಇಡೀ ಮರವಾದರೆ ಮೇಲಿನ ಎಳೆಗಳು ತುದಿಯಲ್ಲಿ ಚುಕ್ಕೆಗಳಾಗಿ ಮುಗಿಯುತ್ತವೆ, ವೆನೀರ್ ಆದರೆ ಅಲ್ಲೊಂದು ಪಟ್ಟಿ ಅಥವಾ ಪದರಿನ ಗೆರೆ ಕಾಣುತ್ತದೆ. ಆ ಉಂಗುರಗಳಿಗೆ ಮಷಿನ್ ಬೇಕಾಗಿಯೂ ಇರಲಿಲ್ಲ. ಆ ಕಾಲದ ಹೊಳಪು ಸಾಮಾನ್ಯವಾಗಿ ಸ್ಪಿರಿಟ್‌ನಲ್ಲಿ ಅರಗನ್ನು ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕಿದ ಫ್ರೆಂಚ್ ಪಾಲಿಶ್. ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿದಾಗ ಅಂಟಂಟಾಗಿ ಕಂದು ಬಣ್ಣ ಬಿಟ್ಟರೆ ಅದು ಅರಗಿನದೇ, ಮತ್ತು ಅದರ ಮೇಲೆಯೇ ಹೊಸ ಅರಗು ತಿಕ್ಕಿದರೆ ಹಳೆಯದರಲ್ಲಿ ಬೆರೆತುಹೋಗುತ್ತದೆ.

ಮೂರನೆಯದು ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ಕೆಡವಲು ನಿಶ್ಚಯವಾಗಿದ್ದ ಒಂದು ಹೆಂಚಿನ ಮನೆಯಲ್ಲಿ, ಜುಲೈ ತಿಂಗಳ ಜಡಿಮಳೆಯಲ್ಲಿ. ಧಾರವಾಡದ ಮಳೆಗಾಲ ಡ್ರೆಸರ್ ನೋಡಲು ತಕ್ಕ ಕಾಲವೆಂದು ನಾನು ಖಂಡಿತವಾಗಿ ಹೇಳುತ್ತೇನೆ: ಮರ ಪೂರ್ತಿ ಹಿಗ್ಗಿರುವಾಗಲೂ ಡ್ರಾವರು ಸುಲಭವಾಗಿ ಸರಿದರೆ ಅದನ್ನು ಮಾಡಿದವನಿಗೆ ಕೆಲಸ ಗೊತ್ತಿತ್ತು ಎಂದು ಅರ್ಥ. ಐದು ಡ್ರಾವರುಗಳಲ್ಲಿ ನಾಲ್ಕು ಒಂದೇ ಕೈಯಿಂದ ಸರಿದವು, ಐದನೆಯದು ಸ್ವಲ್ಪ ತಡೆದು ಬಂತು. ಹಿಡಿಕೆ ಎಂಬುದೇ ಇರಲಿಲ್ಲ; ಹಲಗೆಯ ಮೇಲಂಚನ್ನು ಒಳಗಿನಿಂದ ಉಳಿಯಲ್ಲಿ ತೋಡಿ ನಾಲ್ಕು ಬೆರಳು ಹಿಡಿಯುವಷ್ಟು ಜಾಗ ಮಾಡಿದ್ದರು. ಎಡಗಡೆಯ ಸಣ್ಣ ಡ್ರಾವರಿನ ತಳ ಕುಂಕುಮದಿಂದ ಕೆಂಪಾಗಿತ್ತು. ಹಿಂದಿನ ಹಲಗೆಯ ಒಂದು ಅಂಚಿನ ಬಿಳಿ ಮರದಲ್ಲಿ ಮಾತ್ರ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದವು, ಕುಟ್ಟೆ ಹುಳುವಿನವು. ಸಾಗವಾನಿಯ ತಿರುಳಿಗೆ ಕುಟ್ಟೆಯಾಗಲಿ ಗೆದ್ದಲಾಗಲಿ ಸುಲಭವಾಗಿ ಬಾಯಿ ಹಾಕುವುದಿಲ್ಲ, ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆ ಇಲ್ಲ. ಹುಳು ಬದುಕಿದೆಯೇ ಎಂದು ತಿಳಿಯಲು ಕಪಾಟಿನ ಕೆಳಗೆ ಕರಿ ಕಾಗದ ಹಾಸಿ ಒಂದು ವಾರ ಬಿಡಲು ಅನುಮತಿ ಕೇಳಿದೆ. ವಾರದ ನಂತರ ಕಾಗದದ ಮೇಲೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿರಲಿಲ್ಲ. ಆದರೂ ತಂದ ಮೇಲೆ ಪ್ರತಿ ತೂತಿಗೂ ಸಿರಿಂಜಿನಿಂದ ಔಷಧ ಹಾಕಿಸಿ, ಮೇಣದಿಂದ ಮುಚ್ಚಿಸಿದೆ.

ಮನೆಯ ಅಜ್ಜಿ ದರದ ಬಗ್ಗೆ ಹೆಚ್ಚು ಮಾತಾಡಲಿಲ್ಲ. “ನನ್ನ ಲಗ್ನದಾಗ ಬಂದದ್ದವಾ ಇದು. ಕನ್ನಡಿ ಒಂದು ಬದಲಿ ಮಾಡಬ್ಯಾಡ” ಎಂದರು. ಕನ್ನಡಿಯ ಹಿಂದಿನ ಲೇಪ ಅಂಚಿನಲ್ಲಿ ಎದ್ದು ಕರಿ ಚುಕ್ಕೆಗಳಾಗಿವೆ, ಹಾಗೆಯೇ ಇಟ್ಟಿದ್ದೇನೆ. ಅವರ ಮಗ ಹನ್ನೊಂದು ಸಾವಿರ ಕೇಳಿದರು. ಒಳ್ಳೆಯ ಸಾಮಾನಿಗೆ ಸರಿಯಾದ ದರ ಕೇಳಿದಾಗ ಚೌಕಾಸಿ ಮಾಡುವುದು ನನಗೆ ಸರಿಕಾಣುವುದಿಲ್ಲ, ಅಷ್ಟೂ ಕೊಟ್ಟೆ.

ಸಾಗಿಸುವಾಗ ಮೊದಲು ಕನ್ನಡಿ ಬಿಚ್ಚಿ ಚಾದರಿನಲ್ಲಿ ಸುತ್ತಿ ನಿಲ್ಲಿಸಿಯೇ ಒಯ್ದೆವು, ಆಮೇಲೆ ಡ್ರಾವರುಗಳನ್ನು ತೆಗೆದು ಪ್ರತಿಯೊಂದರ ಹಿಂದೆ ಮತ್ತು ಅದರ ಗೂಡಿನಲ್ಲಿ ಸುಣ್ಣದ ಕಡ್ಡಿಯಿಂದ ಅಂಕಿ ಬರೆದೆ, ಏಕೆಂದರೆ ಕೈಯಿಂದ ಮಾಡಿದ ಡ್ರಾವರು ತನ್ನ ಗೂಡಿಗೆ ಮಾತ್ರ ಕೂಡುತ್ತದೆ. ಟಂಟಂ ಗಾಡಿಯಲ್ಲಿ ಹಾಕುವಾಗ ಓರೆ ಕಾಲುಗಳ ಮೇಲೆ ಭಾರ ಬಿಟ್ಟು ಎಳೆಯಬಾರದು. ಅವು ಮುರಿಯುವುದು ಬಳಕೆಯಲ್ಲಲ್ಲ, ಎಳೆದಾಟದಲ್ಲಿ.

ಪಾಲಿಶ್ ಮಾಡುವವರೆಲ್ಲ ಮೆಲಮೈನ್ ಎಂಬ ಗಟ್ಟಿ ಪಾಲಿಶ್ ಹೊಡೆಸಿರಿ, ಹತ್ತು ವರ್ಷ ನೋಡಬೇಕಾಗಿಲ್ಲ ಎಂದರು. ಒಪ್ಪಲಿಲ್ಲ. ಕಲಘಟಗಿಯ ಬಡಿಗರು ಮೆಲ್ಲನೆಯ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕೊಳೆ ತೆಗೆದು, ಮೂರು ದಿನ ಬಿಟ್ಟು, ಎರಡು ಕೈ ಅರಗು ತಿಕ್ಕಿದರು, ಅಷ್ಟೇ. ಕುಂಕುಮದ ಡ್ರಾವರಿಗೆ ಬಟ್ಟೆ ತಾಗಿಸಲು ನಾನು ಬಿಡಲಿಲ್ಲ. ಅರಗಿಲ್ಲದ ಒಳಭಾಗಕ್ಕೆ ಅಗಸೆ ಎಣ್ಣೆಯನ್ನು ಟರ್ಪೆಂಟೈನ್‌ನಲ್ಲಿ ಬೆರೆಸಿ ತೆಳ್ಳಗೆ ಒರೆಸಿದರು. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ಅದು ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಆಮೇಲೆ ಎಸೆಯಬೇಕು. ಮನೆಯಲ್ಲಿ ಮೊಮ್ಮಗ ಇರುವುದರಿಂದ ಕಪಾಟನ್ನು ಹಿಂದಿನಿಂದ ಗೋಡೆಗೆ ಕ್ಲಾಂಪ್ ಹಾಕಿ ಬಿಗಿಸಿದ್ದೇನೆ, ಎಲ್ಲ ಡ್ರಾವರುಗಳನ್ನು ಒಟ್ಟಿಗೆ ಜಗ್ಗಿದರೆ ಇಂಥವು ಮುಂದಕ್ಕೆ ವಾಲುತ್ತವೆ.

ತಡೆದು ಬರುತ್ತಿದ್ದ ಐದನೆಯ ಡ್ರಾವರಿನ ಕೆಳ ಅಂಚಿಗೆ ವರ್ಷಕ್ಕೊಮ್ಮೆ ಮೇಣದ ಬತ್ತಿ ತಿಕ್ಕುತ್ತೇನೆ. ಅದಕ್ಕೆ ಹತ್ತರಿ ಹೊಡೆಸಲು ಹೋಗಿಲ್ಲ, ಹೊಡೆಸಿದ್ದರೆ ಬೇಸಿಗೆಯಲ್ಲಿ ಅದು ಗಡಗಡ ಅಲುಗಾಡುತ್ತಿತ್ತು. ಹಾವೇರಿಯಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಆರು ಡ್ರಾವರಿನ, ಕನ್ನಡಿಯಿಲ್ಲದ ಕಪಾಟೊಂದು ಇದೆಯೆಂದು ಮೊನ್ನೆ ತಿಳಿಯಿತು. ಏಪ್ರಿಲಿನಲ್ಲಿಯೇ ಬಂದು ನೋಡಿ ಎಂದು ಅವರು ಕರೆದರು. ಮಳೆ ಹಿಡಿದ ಮೇಲೆ ಬರುತ್ತೇನೆಂದು ಹೇಳಿದ್ದೇನೆ.